ಕೈತೋಟದ ನೆಮ್ಮದಿ: ಮನಸ್ಸು ಹಗುರಾಗುವುದು ಹೇಗೆ, ಗಿಡ ಸೊರಗುವುದು ಏಕೆ

ಒತ್ತಡ, ನಿದ್ದೆಗೇಡು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು, ಇವುಗಳ ಮಾತು ಬಂದಾಗಲೆಲ್ಲ ‘ನಾಲ್ಕು ಗಿಡ ಬೆಳೆಸಿ ನೋಡಿ’ ಎಂಬ ಸಲಹೆ ಈಗ ಸಾಮಾನ್ಯವಾಗಿದೆ. 2020ರಲ್ಲಿ ಕೋವಿಡ್ ಕಾರಣಕ್ಕೆ ಮನೆಯೊಳಗೇ ಉಳಿಯಬೇಕಾಗಿ ಬಂದಾಗ ಹಲವು ದೇಶಗಳಲ್ಲಿ ಜನ ಬೀಜಗಳಿಗೆ ಮುಗಿಬಿದ್ದರು. ಬೀಜ ಮಾರುವ ಕೆಲವು ಕಂಪನಿಗಳು ಆರ್ಡರ್ ಪಡೆಯುವುದನ್ನೇ ಕೆಲಕಾಲ ನಿಲ್ಲಿಸಬೇಕಾಯಿತು.

ಗಿಡ ಬೆಳೆಸಿದರೆ ನೆಮ್ಮದಿ ಸಿಗುತ್ತದೆ ಎಂದು ಹೇಳುವವರು ಬಹಳ ಮಂದಿ. ಅದು ಹೇಗೆ ಸಿಗುತ್ತದೆ ಎಂದು ಬಿಡಿಸಿ ಹೇಳುವವರು ಕಡಿಮೆ. ಆಸೆಯಿಂದ ತಂದ ಮೊದಲ ಗಿಡ ತಿಂಗಳೊಳಗೆ ಬಾಡಿ, ‘ನನ್ನ ಕೈಗೆ ಗಿಡ ಹತ್ತುವುದಿಲ್ಲ’ ಎಂದು ಕೈಬಿಟ್ಟವರೂ ಕಡಿಮೆಯಿಲ್ಲ. ಈ ಎರಡು ಸಂಗತಿಗಳನ್ನು ಒಟ್ಟಿಗೇ ನೋಡಬೇಕು. ಗಿಡಕ್ಕೆ ಏನು ಬೇಕು ಎಂಬುದು ಸ್ವಲ್ಪ ತಿಳಿದರೂ ಸಾಕು, ತೋಟದ ಕೆಲಸದಲ್ಲಿರುವ ಆತಂಕ ಹೋಗಿ ಸಂತೋಷ ಉಳಿಯುತ್ತದೆ.

ಇಲ್ಲಿ ಕೈತೋಟ ಎಂದರೆ ದೊಡ್ಡ ಜಾಗವೇ ಆಗಬೇಕಿಲ್ಲ. ಹಿತ್ತಲಿನ ಪಾತಿ, ತಾರಸಿಯ ಮೇಲಿನ ಚೀಲಗಳು, ಕಿಟಕಿಯ ಬಳಿಯ ಎರಡು ಕುಂಡ, ಎಲ್ಲವೂ ಸೇರುತ್ತವೆ.

ದಣಿದ ಗಮನಕ್ಕೆ ಬಿಡುವು

ನಮ್ಮ ಗಮನದಲ್ಲಿ ಎರಡು ಬಗೆಯಿದೆ. ಲೆಕ್ಕ ಬರೆಯುವಾಗ, ವಾಹನ ಓಡಿಸುವಾಗ, ಪರದೆಯ ಮೇಲೆ ಕೆಲಸ ಮಾಡುವಾಗ ಮನಸ್ಸನ್ನು ನಾವೇ ಒತ್ತಾಯದಿಂದ ಒಂದೆಡೆ ಹಿಡಿದಿರುತ್ತೇವೆ. ಅಡ್ಡ ಬರುವ ಸದ್ದು, ಸಂದೇಶ, ಯೋಚನೆಗಳನ್ನು ಬದಿಗೆ ಸರಿಸುತ್ತಲೇ ಇರಬೇಕು. ಈ ಶಕ್ತಿ ಖರ್ಚಾಗುತ್ತದೆ. ಸಂಜೆಯ ಹೊತ್ತಿಗೆ ಸಣ್ಣ ಮಾತಿಗೂ ಸಿಡುಕುವುದು, ಓದಿದ ಸಾಲನ್ನೇ ಮತ್ತೆ ಮತ್ತೆ ಓದುವುದು ಈ ದಣಿವಿನ ಗುರುತು.

ಇನ್ನೊಂದು ಬಗೆಯ ಗಮನಕ್ಕೆ ಒತ್ತಾಯ ಬೇಕಿಲ್ಲ. ಗಾಳಿಗೆ ಅಲುಗುವ ಎಲೆ, ಹೂವಿಂದ ಹೂವಿಗೆ ಹಾರುವ ದುಂಬಿ, ನಿನ್ನೆ ಇರದ ಹೊಸ ಕುಡಿ, ಇವು ಕಣ್ಣನ್ನು ತಾವಾಗಿಯೇ ಸೆಳೆಯುತ್ತವೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ರೇಚಲ್ ಕ್ಯಾಪ್ಲನ್ ಮತ್ತು ಸ್ಟೀಫನ್ ಕ್ಯಾಪ್ಲನ್ 1980ರ ದಶಕದಲ್ಲಿ ಇದನ್ನು ಒಂದು ಸಿದ್ಧಾಂತವಾಗಿ ಬೆಳೆಸಿದರು. ಈ ಎರಡನೆಯ ಗಮನ ಕೆಲಸ ಮಾಡುತ್ತಿರುವಾಗ ಮೊದಲನೆಯದಕ್ಕೆ ವಿಶ್ರಾಂತಿ ಸಿಗುತ್ತದೆ, ಅದು ಮತ್ತೆ ಚೇತರಿಸಿಕೊಳ್ಳುತ್ತದೆ ಎಂಬುದು ಅದರ ತಿರುಳು. ಹಾಗಾದರೆ ಟಿ.ವಿ.ಯೂ ಗಮನ ಸೆಳೆಯುತ್ತದಲ್ಲ ಎನ್ನಬಹುದು. ಸೆಳೆಯುತ್ತದೆ ನಿಜ, ಆದರೆ ಪೂರ್ತಿಯಾಗಿ ಕಬಳಿಸುತ್ತದೆ. ಬೇರೆ ಯೋಚನೆಗೆ ಜಾಗ ಬಿಡುವುದಿಲ್ಲ. ಕಳೆ ಕೀಳುವಾಗ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಮನಸ್ಸು ತನ್ನ ಪಾಡಿಗೆ ಅಡ್ಡಾಡುತ್ತದೆ. ಎಷ್ಟೋ ದಿನದಿಂದ ಬಿಡಿಸಲಾಗದ ಸಂಗತಿಯೊಂದಕ್ಕೆ ದಾರಿ ಹೊಳೆಯುವುದು ಇಂಥ ಹೊತ್ತಿನಲ್ಲೇ.

ಗಿಡಮರಗಳನ್ನು ಕೇವಲ ನೋಡಿದರೂ ಪರಿಣಾಮವಿದೆಯೇ? ಇದಕ್ಕೆ ಬಹಳ ಹೆಸರಾದ ಅಧ್ಯಯನ ರೋಜರ್ ಉಲ್ರಿಚ್ ಅವರದು. 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದ 46 ಮಂದಿಯ ದಾಖಲೆಗಳನ್ನು ಅವರು ಹೋಲಿಸಿದರು. ಅರ್ಧ ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು, ಅವರಿಗೆ ಬಲವಾದ ನೋವು ನಿವಾರಕಗಳೂ ಕಡಿಮೆ ಸಾಕಾದವು.

ಅರ್ಧ ಗಂಟೆಯ ಪರೀಕ್ಷೆ

ನೋಡುವುದು ಒಂದು, ಮಣ್ಣಿನಲ್ಲಿ ಕೈಯಾಡಿಸುವುದು ಇನ್ನೊಂದು. ನೆದರ್ಲೆಂಡ್ಸ್‌ನ ಆಗ್ನೆಸ್ ಫಾನ್ ಡೆನ್ ಬರ್ಗ್ ಮತ್ತು ಮಾರಿಯೆಟ್ ಕಸ್ಟರ್ಸ್ 2011ರಲ್ಲಿ ಪ್ರಕಟಿಸಿದ ಪ್ರಯೋಗ ಎರಡನೆಯದನ್ನು ಪರೀಕ್ಷಿಸಿತು. ತೋಟದ ಹವ್ಯಾಸವಿದ್ದ 30 ಜನರಿಗೆ ಮೊದಲು ತಲೆ ಬಿಸಿ ಮಾಡುವ ಒಂದು ಕೆಲಸ ಕೊಟ್ಟರು: ‘ಕೆಂಪು’ ಎಂಬ ಪದ ನೀಲಿ ಬಣ್ಣದಲ್ಲಿ ಅಚ್ಚಾಗಿದ್ದರೆ ಪದವನ್ನು ಓದದೆ ಬಣ್ಣವನ್ನು ಹೇಳಬೇಕು, ಹೀಗೆ. ಆಮೇಲೆ ಕೆಲವರು ಅರ್ಧ ಗಂಟೆ ತೋಟದಲ್ಲಿ ಕೆಲಸ ಮಾಡಿದರು, ಉಳಿದವರು ಅಷ್ಟೇ ಹೊತ್ತು ಒಳಗೆ ಕುಳಿತು ಓದಿದರು.

ಅಳೆದದ್ದು ಕಾರ್ಟಿಸೋಲ್ ಅನ್ನು. ಒತ್ತಡದಲ್ಲಿದ್ದಾಗ ದೇಹ ಹೆಚ್ಚಾಗಿ ಸುರಿಸುವ ಹಾರ್ಮೋನ್ ಅದು. ಜೊಲ್ಲಿನಲ್ಲಿ ಅದರ ಪ್ರಮಾಣ ತಿಳಿಯಬಹುದು. ಎರಡೂ ಗುಂಪಿನಲ್ಲಿ ಅದು ಇಳಿಯಿತು, ತೋಟದಲ್ಲಿದ್ದವರಲ್ಲಿ ಹೆಚ್ಚು ಇಳಿಯಿತು. ಅವರ ಮನಸ್ಸು ಮೊದಲಿನ ಉಲ್ಲಾಸಕ್ಕೆ ಮರಳಿತು, ಓದುತ್ತಿದ್ದವರಲ್ಲಿ ಹಾಗಾಗಲಿಲ್ಲ. ಪ್ರಯೋಗ ಚಿಕ್ಕದು. ಭಾಗವಹಿಸಿದವರು ಮೊದಲೇ ತೋಟ ಮೆಚ್ಚಿದವರು, ಜೊತೆಗೆ ಒಂದು ಗುಂಪು ಹೊರಗಿತ್ತು, ಇನ್ನೊಂದು ಒಳಗಿತ್ತು. ಎಷ್ಟು ಪಾಲು ಮಣ್ಣಿನದು, ಎಷ್ಟು ಪಾಲು ಬಯಲ ಗಾಳಿ ಬೆಳಕಿನದು ಎಂದು ಇದರಿಂದ ಬೇರ್ಪಡಿಸಲಾಗದು. ತೋಟದಲ್ಲಿ ಅವೆಲ್ಲ ಹೇಗೂ ಒಟ್ಟಿಗೇ ಸಿಗುತ್ತವೆ.

ಮಣ್ಣಿನ ವಾಸನೆ

ಒಣಗಿದ ಪಾತಿಗೆ ನೀರು ಬಿದ್ದ ಕ್ಷಣ ಏಳುವ ಕಂಪಿನ ಹಿಂದೆ ಜಿಯೋಸ್ಮಿನ್ ಎಂಬ ವಸ್ತುವಿದೆ. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾಗಳು ಇದನ್ನು ತಯಾರಿಸುತ್ತವೆ. ಮನುಷ್ಯನ ಮೂಗು ಇದರ ವಿಷಯದಲ್ಲಿ ಅಚ್ಚರಿ ಹುಟ್ಟಿಸುವಷ್ಟು ಚುರುಕು: ಲಕ್ಷ ಕೋಟಿ ಭಾಗದಲ್ಲಿ ಕೆಲವೇ ಭಾಗದಷ್ಟಿದ್ದರೂ ಗುರುತಿಸುತ್ತದೆ. ಹನಿ ನೆಲಕ್ಕೆ ಬಿದ್ದಾಗ ಮಣ್ಣಿನ ಸಂದುಗಳಲ್ಲಿದ್ದ ಗಾಳಿ ಅದರಡಿ ಗುಳ್ಳೆಗಳಾಗಿ ಸಿಕ್ಕಿ, ಮೇಲೆದ್ದು ಒಡೆದು, ಅತಿ ಸಣ್ಣ ತುಂತುರನ್ನು ಚಿಮ್ಮಿಸುತ್ತದೆ. ಅಮೆರಿಕದ ಎಂಐಟಿಯ ಸಂಶೋಧಕರು 2015ರಲ್ಲಿ ಇದನ್ನು ಅತಿ ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದರು. ವಾಸನೆ ಆ ತುಂತುರಿನ ಜೊತೆ ಮೂಗಿಗೆ ಬರುತ್ತದೆ.

ಬ್ಯಾಕ್ಟೀರಿಯಾಗೆ ಇದರಿಂದೇನು ಲಾಭ? 2020ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಮಣ್ಣಿನಲ್ಲಿ ಜಿಗಿದಾಡುವ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಜೀವಿಗಳು ಈ ವಾಸನೆಗೆ ಬಂದು ಬ್ಯಾಕ್ಟೀರಿಯಾವನ್ನು ಮೇಯುತ್ತವೆ, ಮೈಗಂಟಿದ ಬೀಜಕಣಗಳನ್ನು ಬೇರೆಡೆಗೆ ಹೊತ್ತೊಯ್ಯುತ್ತವೆ.

ನಮ್ಮನ್ನು ನೆಚ್ಚಿದ ಒಂದು ಜೀವ

ಆರೈಕೆ ಪಡೆಯುವುದರಲ್ಲಿ ನೆಮ್ಮದಿಯಿದೆ ಎಂದು ಎಲ್ಲರೂ ಬಲ್ಲರು. ಆರೈಕೆ ಮಾಡುವುದರಲ್ಲೂ ಇದೆ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಅಮೆರಿಕದ ಕನೆಕ್ಟಿಕಟ್‌ನ ವೃದ್ಧರ ಶುಶ್ರೂಷಾ ಕೇಂದ್ರವೊಂದರಲ್ಲಿ ನಡೆಸಿದ ಪ್ರಯೋಗದಲ್ಲಿ ಎರಡು ಅಂತಸ್ತಿನ ನಿವಾಸಿಗಳಿಗೂ ಗಿಡಗಳು ಸಿಕ್ಕವು. ಒಂದು ಅಂತಸ್ತಿನವರಿಗೆ ‘ಬೇಕಾದ ಗಿಡ ಆರಿಸಿಕೊಳ್ಳಿ, ನೋಡಿಕೊಳ್ಳುವ ಹೊಣೆ ನಿಮ್ಮದು’ ಎಂದರು. ದಿನಚರಿಯ ಇತರ ಸಣ್ಣಪುಟ್ಟ ತೀರ್ಮಾನಗಳನ್ನೂ ಅವರಿಗೇ ಬಿಟ್ಟರು. ಇನ್ನೊಂದರಲ್ಲಿ ಗಿಡಕ್ಕೆ ನೀರು ಹಾಕುವುದು ಸಿಬ್ಬಂದಿಯ ಕೆಲಸವಾಗಿತ್ತು. ಕೆಲವು ವಾರಗಳ ನಂತರ ಮೊದಲನೆಯವರು ಹೆಚ್ಚು ಚುರುಕಾಗಿ, ಹೆಚ್ಚು ಸಂತೋಷವಾಗಿ ಇದ್ದರು. ಈ ಬದಲಾವಣೆಗೆ ಗಿಡವೊಂದೇ ಕಾರಣವಲ್ಲ, ಆಯ್ಕೆಯ ಸ್ವಾತಂತ್ರ್ಯವೂ ಹೊಣೆಯೂ ಕೂಡಿದ್ದವು. ಕೈತೋಟದಲ್ಲಿ ಈ ಎರಡೂ ಸಹಜವಾಗಿ ಬರುತ್ತವೆ: ಏನು ನೆಡಬೇಕು, ಎಲ್ಲಿಡಬೇಕು, ಯಾವಾಗ ಕೊಯ್ಯಬೇಕು ಎಂದು ನಾವೇ ತೀರ್ಮಾನಿಸುತ್ತೇವೆ, ಅದರ ಫಲವನ್ನು ಕಣ್ಣಾರೆ ಕಾಣುತ್ತೇವೆ.

ಹಾಗೆ ಹೊಣೆ ಹೊತ್ತ ಮೇಲೆ ಗಿಡ ಹೇಗೆ ಬದುಕುತ್ತದೆ ಎಂದು ತಿಳಿಯುವುದು ಅಗತ್ಯ.

ಗಿಡದ ಮೈ ಬರುವುದು ಎಲ್ಲಿಂದ?

ಗಿಡ ಮಣ್ಣನ್ನು ತಿಂದು ಬೆಳೆಯುತ್ತದೆ ಎಂದು ಬಹುಕಾಲ ನಂಬಿದ್ದರು. ಬ್ರಸೆಲ್ಸ್‌ನ ಯಾನ್ ಬ್ಯಾಪ್ಟಿಸ್ಟ್ ಫಾನ್ ಹೆಲ್ಮಾಂಟ್ ಇದನ್ನು ತೂಗಿಯೇ ನೋಡಿದರು. ತೂಕ ಮಾಡಿದ ಒಣಮಣ್ಣಿನಲ್ಲಿ ವಿಲೋ ಸಸಿಯೊಂದನ್ನು ನೆಟ್ಟು 5 ವರ್ಷ ಬರೀ ನೀರೆರೆದರು. ಮರದ ತೂಕ ಸುಮಾರು 74 ಕಿಲೋ ಹೆಚ್ಚಿತ್ತು. ಮಣ್ಣು ಕಳೆದುಕೊಂಡದ್ದು ಸುಮಾರು 57 ಗ್ರಾಂ. ಅವರು ತೀರಿಕೊಂಡ ಮೇಲೆ, 1648ರಲ್ಲಿ, ಈ ಫಲಿತಾಂಶ ಅಚ್ಚಾಯಿತು. ಮರವೆಲ್ಲ ನೀರಿನಿಂದಲೇ ಆಯಿತು ಎಂಬ ಅವರ ತೀರ್ಮಾನ ಅರ್ಧ ಮಾತ್ರ ಸರಿ. ಉಳಿದರ್ಧ ಬಂದದ್ದು ಗಾಳಿಯಿಂದ: ಎಲೆಗಳು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ, ಬೇರಿನಿಂದ ಬಂದ ನೀರಿನ ಜೊತೆ ಕೂಡಿಸಿ, ಸೂರ್ಯನ ಬೆಳಕಿನ ಬಲದಿಂದ ಸಕ್ಕರೆ ಮಾಡುತ್ತವೆ. ಕಾಂಡ, ಎಲೆ, ಹಣ್ಣು ಎಲ್ಲವೂ ಕಟ್ಟಿಕೊಳ್ಳುವುದು ಆ ಸಕ್ಕರೆಯಿಂದ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಗಿಡದ ಆಹಾರ ಬೆಳಕಿನಿಂದ ತಯಾರಾಗುತ್ತದೆ. ಗೊಬ್ಬರ ಆಹಾರವಲ್ಲ, ಅಡುಗೆಗೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಸಿಯಂನಂಥ ಸಣ್ಣ ಪ್ರಮಾಣದ ಸಾಮಗ್ರಿ. ಕತ್ತಲ ಮೂಲೆಯಲ್ಲಿ ಬಡಕಲಾದ ಗಿಡಕ್ಕೆ ಮತ್ತಷ್ಟು ಗೊಬ್ಬರ ಸುರಿದರೆ ಬೇರು ಸುಡುತ್ತದೆಯೇ ಹೊರತು ಗಿಡ ಚೇತರಿಸಿಕೊಳ್ಳುವುದಿಲ್ಲ. ಕಾಂಡ ಉದ್ದವಾಗಿ, ಎಲೆಗಳ ನಡುವೆ ಅಂತರ ಹೆಚ್ಚಾಗಿ, ಗಿಡ ಒಂದೇ ಕಡೆಗೆ ವಾಲುತ್ತಿದ್ದರೆ ಅದು ಬೆಳಕನ್ನು ಅರಸುತ್ತಿದೆ ಎಂದರ್ಥ. ನೆರಳಿನ ಬದಿಗೆ ಆಕ್ಸಿನ್ ಎಂಬ ಹಾರ್ಮೋನ್ ಹೆಚ್ಚು ಸೇರಿ, ಆ ಬದಿಯ ಜೀವಕೋಶಗಳು ಉದ್ದಕ್ಕೆ ಬೆಳೆಯುವುದರಿಂದ ಕಾಂಡ ಬೆಳಕಿನತ್ತ ಬಾಗುತ್ತದೆ.

ಬೀಜ ಕಾಯುವುದು ಯಾವುದಕ್ಕೆ?

ಬೀಜದೊಳಗೆ ಪುಟ್ಟ ಗಿಡ ಆಗಲೇ ರೂಪುಗೊಂಡಿರುತ್ತದೆ, ಅದರ ಪಕ್ಕದಲ್ಲಿ ದಾರಿಯ ಬುತ್ತಿಯೂ ಇರುತ್ತದೆ. ನೀರು ಒಳಸೇರಿದಾಗ ಬೀಜ ಊದಿಕೊಂಡು, ಜಿಬ್ಬರೆಲಿನ್ ಎಂಬ ಹಾರ್ಮೋನ್ ಎಚ್ಚೆತ್ತು, ಗಟ್ಟಿಯಾಗಿದ್ದ ಪಿಷ್ಟ ಸಕ್ಕರೆಯಾಗಿ ಕರಗುತ್ತದೆ. ಮೊದಲು ಬೇರು ಕೆಳಗಿಳಿಯುತ್ತದೆ, ಆಮೇಲೆ ಕುಡಿ ಮೇಲೇಳುತ್ತದೆ. ಎಲೆ ಬೆಳಕು ಕಾಣುವ ಮೊದಲೇ ಬುತ್ತಿ ಮುಗಿದರೆ ಸಸಿ ಸಾಯುತ್ತದೆ. ಸಣ್ಣ ಬೀಜವನ್ನು ಆಳದಲ್ಲಿ ಹೂಳಬಾರದು ಎನ್ನುವುದು ಇದಕ್ಕೇ. ಬೀಜದ ದಪ್ಪಕ್ಕೆ ಎರಡು-ಮೂರು ಪಟ್ಟು ಆಳ ಸಾಕು.

ಬೀಜದ ತಾಳ್ಮೆ ದೊಡ್ಡದು. ಇಸ್ರೇಲ್‌ನ ಮಸಾಡಾ ಕೋಟೆಯ ಅವಶೇಷಗಳಲ್ಲಿ ಸಿಕ್ಕ ಸುಮಾರು 2,000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ನೆಟ್ಟಾಗ ಮೊಳೆಯಿತು. ಹಾಗೆಂದು ಎಲ್ಲ ಬೀಜವೂ ಅಷ್ಟು ಕಾಲ ಬಾಳುವುದಿಲ್ಲ. ಈರುಳ್ಳಿಯ ಬೀಜ ಒಂದೆರಡು ವರ್ಷಕ್ಕೇ ಶಕ್ತಿ ಕಳೆದುಕೊಳ್ಳುತ್ತದೆ.

ನೀರು: ಅಕ್ಕರೆ ಹೆಚ್ಚಾಗಿ ಕೆಡುವ ಜಾಗ

ಕುಂಡದ ಗಿಡಗಳು ಸಾಯುವುದು ಬಾಯಾರಿಕೆಯಿಂದ ಎಂದುಕೊಂಡಿರುತ್ತೇವೆ. ಅತಿ ನೀರಿನಿಂದ ಸಾಯುವ ಗಿಡಗಳು ಬಹಳ. ಕಾರಣ ಇದು: ಬೇರು ಉಸಿರಾಡುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಶಕ್ತಿಯಾಗಿ ಬಳಸಲು ಅದಕ್ಕೆ ಆಮ್ಲಜನಕ ಬೇಕು. ಹದವಾದ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧದಷ್ಟು ಮಾತ್ರ ಗಟ್ಟಿ ಪದಾರ್ಥ, ಉಳಿದದ್ದು ಸಂದುಗಳು. ಆ ಸಂದುಗಳಲ್ಲಿ ನೀರೂ ಗಾಳಿಯೂ ಹಂಚಿಕೊಂಡಿರಬೇಕು. ದಿನವೂ ತುಂಬಿ ತುಳುಕುವಂತೆ ನೀರು ಹೊಯ್ದರೆ ಗಾಳಿಗೆ ಜಾಗವಿಲ್ಲ. ನೀರಿನೊಳಗೆ ಆಮ್ಲಜನಕ ಸಾಗುವ ವೇಗ ಗಾಳಿಯಲ್ಲಿ ಸಾಗುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಉಸಿರುಗಟ್ಟಿದ ಬೇರು ಕೊಳೆಯತೊಡಗುತ್ತದೆ, ಶಿಲೀಂಧ್ರಗಳು ಉಳಿದ ಕೆಲಸ ಮುಗಿಸುತ್ತವೆ.

ಮೋಸ ಹೋಗುವುದು ಮುಂದಿನ ಹಂತದಲ್ಲಿ. ಕೊಳೆತ ಬೇರು ನೀರು ಎಳೆಯಲಾರದು. ಹಾಗಾಗಿ ಒದ್ದೆ ಮಣ್ಣಿನಲ್ಲಿ ನಿಂತೇ ಎಲೆಗಳು ಬಾಡುತ್ತವೆ. ನೋಡಿದವರು ‘ಪಾಪ, ನೀರು ಸಾಲದು’ ಎಂದು ಇನ್ನೊಂದು ಚೊಂಬು ಸುರಿಯುತ್ತಾರೆ. ಇದನ್ನು ತಪ್ಪಿಸಲು ಬೆರಳನ್ನು ಮಣ್ಣಿನಲ್ಲಿ ಎರಡು ಅಂಗುಲ ಇಳಿಸಿ ನೋಡಿದರೆ ಸಾಕು. ಒಳಗೆ ತೇವವಿದ್ದೂ ಗಿಡ ಬಾಡಿದ್ದರೆ ನೀರು ನಿಲ್ಲಿಸಬೇಕು. ಒಣಗಿದ್ದರೆ ಕುಂಡದ ತಳದ ತೂತಿನಿಂದ ಬಸಿಯುವಷ್ಟು ನಿಧಾನವಾಗಿ ಹಾಕಿ, ಮತ್ತೆ ಒಣಗುವವರೆಗೆ ಬಿಡಬೇಕು. ದಿನಕ್ಕೆ ಸ್ವಲ್ಪ ಸ್ವಲ್ಪ ಚಿಮುಕಿಸುವುದಕ್ಕಿಂತ ಇದು ಒಳ್ಳೆಯದು, ಬೇರು ಆಳಕ್ಕೆ ಇಳಿಯುತ್ತದೆ.

ಸುಡುಬಿಸಿಲಿನ ಮಧ್ಯಾಹ್ನ ಅಗಲ ಎಲೆಯ ಗಿಡಗಳು ಜೋತುಬಿದ್ದು ಸಂಜೆ ತಾವಾಗಿ ಎದ್ದು ನಿಲ್ಲುವುದೂ ಉಂಟು. ಗಿಡ ಹೀರಿದ ನೀರಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಭಾಗ ಎಲೆಯ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಹೋಗುತ್ತದೆ. ಆ ಹೊತ್ತಿನಲ್ಲಿ ಹೋಗುವ ವೇಗಕ್ಕೆ ಬೇರು ಸಾಟಿಯಾಗದು, ಅಷ್ಟೆ. ಮಣ್ಣಿನ ಮೇಲೆ ಒಣ ಎಲೆಗಳ ಹೊದಿಕೆ ಹಾಸಿದರೆ ತೇವ ಹೆಚ್ಚು ಹೊತ್ತು ಉಳಿಯುತ್ತದೆ.

ಕುಂಡದ ತಳದಲ್ಲಿ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ವ್ಯಾಪಕ. ವಾಸ್ತವದಲ್ಲಿ ನುಣುಪು ಮಣ್ಣಿನಲ್ಲಿರುವ ನೀರು ಒರಟು ಜಲ್ಲಿಗೆ ಸುಲಭವಾಗಿ ದಾಟುವುದಿಲ್ಲ, ಅದರ ಮೇಲೆಯೇ ನಿಲ್ಲುತ್ತದೆ. ಜಲ್ಲಿಯಿಂದ ಬೇರಿನ ಜಾಗ ಕಡಿಮೆಯಾಗುತ್ತದೆ. ತಳದಲ್ಲಿ ತೂತು, ಸಡಿಲವಾದ ಮಣ್ಣಿನ ಮಿಶ್ರಣ, ಇವೆರಡೇ ಸಾಕು.

ಕಸ ಗೊಬ್ಬರವಾಗುವ ಬಗೆ

ಸಿಪ್ಪೆ, ಸೊಪ್ಪಿನ ದಂಟು, ಉದುರಿದ ಎಲೆ ಗೊಬ್ಬರವಾಗುವುದು ಸೂಕ್ಷ್ಮಜೀವಿಗಳ ದುಡಿಮೆಯಿಂದ. ಅವುಗಳಿಗೆ ಶಕ್ತಿಗೆ ಇಂಗಾಲ, ಮೈ ಬೆಳೆಸಲು ಸಾರಜನಕ ಬೇಕು. 25ರಿಂದ 30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇದ್ದರೆ ಕೆಲಸ ಚುರುಕು. ಒಣ ಎಲೆ, ರಟ್ಟು, ಮರದ ಹೊಟ್ಟಿನಲ್ಲಿ ಇಂಗಾಲ ಹೆಚ್ಚು. ಹಸಿ ಸಿಪ್ಪೆ, ಹುಲ್ಲಿನಲ್ಲಿ ಸಾರಜನಕ ಹೆಚ್ಚು. ನಾರುತ್ತಿದ್ದರೆ ಹಸಿ ಹೆಚ್ಚಾಗಿದೆ ಅಥವಾ ಗಾಳಿ ಸಾಲದು: ಒಣ ಎಲೆ ಬೆರೆಸಿ ಕೆದಕಬೇಕು. ಏನೂ ಆಗದೆ ಹಾಗೇ ಇದ್ದರೆ ಹಸಿ ಅಥವಾ ತೇವ ಸಾಲದು. ದೊಡ್ಡ ರಾಶಿಯ ಒಳಗೆ ಶಾಖ 55ರಿಂದ 65 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಕಳೆಬೀಜಗಳು ಸಾಯುತ್ತವೆ. ಮನೆಯ ಸಣ್ಣ ಡಬ್ಬಿಯಲ್ಲಿ ಅಷ್ಟು ಬಿಸಿಯೇರುವುದು ಕಷ್ಟ, ಅದಕ್ಕೆ ರೋಗ ಬಂದ ಗಿಡವನ್ನು ಅದರಲ್ಲಿ ಹಾಕದಿರುವುದು ಒಳ್ಳೆಯದು.

ನೋಡುತ್ತಾ ಹೋದರೆ

ಕ್ಯಾಪ್ಲನ್ ದಂಪತಿ ಹೇಳಿದ ಆ ಸಹಜ ಗಮನ ತೋಟದಲ್ಲಿ ಬೇಸರವಿಲ್ಲದೆ ಉಳಿಯಲು ಕಾರಣ, ಅಲ್ಲಿ ಮುಗಿಯದಷ್ಟು ಸಂಗತಿಗಳಿವೆ. ಟೊಮೆಟೊ ಹೂವನ್ನೇ ನೋಡಿ. ಪರಾಗ ಕೊಳವೆಯಂಥ ಕೇಸರಗಳೊಳಗೆ ಬಂದಿಯಾಗಿರುತ್ತದೆ. ಕೆಲವು ಜಾತಿಯ ದುಂಬಿಗಳು ಹೂವನ್ನು ಹಿಡಿದು ರೆಕ್ಕೆಯ ಸ್ನಾಯುಗಳನ್ನು ಝೇಂಕರಿಸಿ ನಡುಗಿಸಿದಾಗ ಅದು ಉದುರುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬಾರದು. ದುಂಬಿ ಬಾರದ ಬಾಲ್ಕನಿಯಲ್ಲಿ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೂ ಹೀಚು ಕಟ್ಟುತ್ತದೆ.

ಎಳೆಯ ಸೂರ್ಯಕಾಂತಿ ದಿನವಿಡೀ ಸೂರ್ಯನತ್ತ ಹೊರಳಿ ರಾತ್ರಿ ಪೂರ್ವಕ್ಕೆ ಮರಳುತ್ತದೆ. ಬಲಿತ ಹೂ ಪೂರ್ವಕ್ಕೇ ಮುಖ ಮಾಡಿ ನಿಂತುಬಿಡುತ್ತದೆ. ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುವ ಅಂಥ ಹೂವಿಗೆ ಹೆಚ್ಚು ದುಂಬಿಗಳು ಬರುತ್ತವೆ ಎಂದು 2016ರ ಅಧ್ಯಯನವೊಂದು ತೋರಿಸಿತು.

ತುದಿಕುಡಿ ಚಿವುಟಿದರೆ ಗಿಡ ಪೊದೆಯಾಗುವುದೇಕೆ? ತುದಿಯಲ್ಲಿ ಹುಟ್ಟಿ ಕೆಳಗಿಳಿಯುವ ಆಕ್ಸಿನ್ ಪಕ್ಕದ ಮೊಗ್ಗುಗಳನ್ನು ಸುಮ್ಮನಿರಿಸಿರುತ್ತದೆ. ತುದಿ ಹೋದೊಡನೆ ಆ ತಡೆ ತಪ್ಪಿ, ಗೆಣ್ಣುಗಳಿಂದ ಕವಲುಗಳು ಒಡೆಯುತ್ತವೆ.

ಮೈಗೆ ಲಾಭ, ಮೈಗೆ ಎಚ್ಚರ

ಅಗೆಯುವುದು, ಬಗ್ಗಿ ಕಳೆ ಕೀಳುವುದು ಚುರುಕು ನಡಿಗೆಗೆ ಸಮನಾದ ಮಧ್ಯಮ ವ್ಯಾಯಾಮ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಬಗ್ಗಿದ್ದರೆ ಸೊಂಟ ಹಿಡಿಯುತ್ತದೆ, ನಡುನಡುವೆ ಎದ್ದು ಭಂಗಿ ಬದಲಿಸಬೇಕು.

ಮಣ್ಣಿನಲ್ಲಿ ಧನುರ್ವಾಯು ತರುವ ಬ್ಯಾಕ್ಟೀರಿಯಾ ಇರಬಹುದು. ಗಾಯವಾಗದಂತೆ ಕೈಗವಸು, ದೇಹಕ್ಕೆ ಸಕಾಲದ ಲಸಿಕೆ ಬೇಕು. ಚೀಲದಲ್ಲಿ ಬರುವ ಕಾಂಪೋಸ್ಟ್‌ನ ಧೂಳಿನಿಂದ ಲೆಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಅಪರೂಪಕ್ಕೆ ಶ್ವಾಸಕೋಶದ ಸೋಂಕು ತರುತ್ತದೆ. ಚೀಲವನ್ನು ಬಯಲಿನಲ್ಲಿ, ಮುಖ ದೂರವಿಟ್ಟು ತೆರೆದು, ನೀರು ಚಿಮುಕಿಸಿ ಬಳಸಿ, ಆಮೇಲೆ ಕೈ ತೊಳೆಯಬೇಕು.

ಅತಿಯಾಗಿ ಹೇಳಲಾಗುವ ಎರಡು ಮಾತು

ಮನೆಯೊಳಗಿನ ಗಿಡಗಳು ಗಾಳಿಯನ್ನು ಶುದ್ಧ ಮಾಡುತ್ತವೆ ಎಂಬ ಮಾತಿನ ಮೂಲ 1989ರ ನಾಸಾ ಅಧ್ಯಯನ. ಅದು ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಮನೆಗಳಲ್ಲಿ ಗಾಳಿ ಬಾಗಿಲು ಕಿಟಕಿಗಳಿಂದ ಸದಾ ಬದಲಾಗುತ್ತಿರುತ್ತದೆ. ಅಷ್ಟು ಕೆಲಸವನ್ನು ಗಿಡಗಳೇ ಮಾಡಬೇಕೆಂದರೆ ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡ ಬೇಕಾದೀತು ಎಂದು 2019ರ ವಿಮರ್ಶೆಯೊಂದು ಲೆಕ್ಕ ಹಾಕಿತು. ಕಿಟಕಿ ತೆರೆಯುವುದೇ ಮೇಲು.

ಎರಡನೆಯದು, ಮಣ್ಣಿನ ಮೈಕೋಬ್ಯಾಕ್ಟೀರಿಯಂ ವ್ಯಾಕೇ ಎಂಬ ಬ್ಯಾಕ್ಟೀರಿಯಾ ಖಿನ್ನತೆ ಕಳೆಯುತ್ತದೆ ಎಂಬುದು. 2007ರ ಆ ಪ್ರಯೋಗ ಇಲಿಗಳ ಮೇಲೆ ನಡೆದದ್ದು. ತೋಟದ ಮಣ್ಣು ಮುಟ್ಟಿದ ಮನುಷ್ಯರಲ್ಲಿ ಅದೇ ಆಗುತ್ತದೆ ಎಂದು ಅದರಿಂದ ಹೇಳಲಾಗದು. ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರಿಗೆ ತೋಟ ಒಳ್ಳೆಯ ಜೊತೆ, ಔಷಧಿಗೆ ಬದಲಿ ಅಲ್ಲ.

ಮೊದಲ ಗಿಡ ಆರಿಸುವಾಗ

ಇಷ್ಟವಾದ ಗಿಡವನ್ನು ತಂದು ಆಮೇಲೆ ಜಾಗ ಹುಡುಕುವುದಕ್ಕಿಂತ, ಇರುವ ಜಾಗದಲ್ಲಿ ನೇರ ಬಿಸಿಲು ಎಷ್ಟು ಗಂಟೆ ಬೀಳುತ್ತದೆ ಎಂದು ಮೊದಲು ಗಮನಿಸಿ. 6 ಗಂಟೆ ಅಥವಾ ಹೆಚ್ಚು ಇದ್ದರೆ ಟೊಮೆಟೊ, ಮೆಣಸಿನಕಾಯಿ, ಬೀನ್ಸ್ ಆದೀತು. 3–4 ಗಂಟೆಯಿದ್ದರೆ ಸೊಪ್ಪುಗಳು, ಪುದೀನ. ನೇರ ಬಿಸಿಲೇ ಇಲ್ಲದಿದ್ದರೆ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್‌ನಂಥವು ತಾಳಿಕೊಳ್ಳುತ್ತವೆ. ಇವೆರಡನ್ನೂ ಮಕ್ಕಳು, ಸಾಕುಪ್ರಾಣಿಗಳು ಕಚ್ಚದ ಎತ್ತರದಲ್ಲಿಡಿ, ಎಲೆಗಳು ವಿಷಕಾರಿ.

ಬೇಗ ಫಲ ಕಾಣುವ ಆಸೆಯಿದ್ದರೆ ಮೂಲಂಗಿ ಬಿತ್ತಿ, ಕೆಲವು ತಳಿಗಳು 25–30 ದಿನಕ್ಕೇ ಕೀಳಲು ಬರುತ್ತವೆ. ಬೀಜದ ಗೊಡವೆ ಬೇಡವೆಂದರೆ ಪುದೀನದ ಕಡ್ಡಿಯೊಂದನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಲೋಟದ ನೀರಿನಲ್ಲಿಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸುತ್ತಿದ್ದರೆ ಒಂದೆರಡು ವಾರದಲ್ಲಿ ಗೆಣ್ಣಿನಿಂದ ಬಿಳಿ ಬೇರು ಇಳಿಯುತ್ತದೆ. ಬೇರು ಒಂದೆರಡು ಅಂಗುಲ ಆದಾಗ ಕುಂಡಕ್ಕೆ ನೆಟ್ಟು, ಹೊಂದಿಕೊಳ್ಳುವವರೆಗೆ ಎರಡು-ಮೂರು ದಿನ ನೆರಳಿನಲ್ಲಿಡಿ.